ಪಟ ತೆಗೆಯುವುದೂ ಕೊಡುವುದೂ

ಚಿತ್ರಗಾರನು ಚಿತ್ರವನ್ನು ಬರೆಯುತ್ತಾನೆ; ಶಿಲ್ಪಿಯು ವಿಗ್ರಹವನ್ನು ಕಡೆಯುತ್ತಾನೆ; ಕ್ಯಾಮರಾ ಹಿಡಿದವನು ಮಾತ್ರ ಪಟವನ್ನು ತೆಗೆಯುತ್ತಾನೆ. ನಮ್ಮ ಜನರು ಯಾವ ಪಂಡಿತರನ್ನೂ ಕೇಳದೆ ಈ ಕೆಲಸಕ್ಕೆ ತಾವೇ ಆರಿಸಿಕೊಂಡ ಮಾತು ಇದು. ಪೆಟ್ಟಿಗೆಯಿಂದ ಹಣವನ್ನು ತೆಗೆಯುತ್ತೇವೆ, ನೆಲದಿಂದ ಗೆಡ್ಡೆಯನ್ನು ತೆಗೆಯುತ್ತೇವೆ. ತೆಗೆಯುವುದೆಂದರೆ ಒಂದೆಡೆ ಇದ್ದುದನ್ನು ಅಲ್ಲಿಂದ ಈಚೆಗೆ ತರುವುದು. ತೆಗೆದ ಮೇಲೆ ಅಲ್ಲಿ ಅಷ್ಟು ಕಡಮೆಯಾಗುವುದು. ಪಟ ತೆಗೆಸಿಕೊಂಡರೆ ಆಯುಸ್ಸು ಕಡಮೆಯಾಗುತ್ತದೆಂದು ಹಿಂದಿನವರು ಅಂಜುತ್ತಿದ್ದರೆಂಬುದನ್ನು ಕೇಳಿ ನಗುವವರುಂಟು. ಆಯುಸ್ಸಿನ ಮಾತು ಹಾಗಿರಲಿ. ತನ್ನ ಮುಖದ ಒಂದು ಪ್ರತಿ ಪರಾಧೀನವಾಗುತ್ತದೆ, ಅದು ಯಾರ ಮನೆಯ ಗೋಡೆಗೆ ಹೋಗುವುದೋ, ಯಾರ ಕೈಯಲ್ಲಿ ಏನಾಗುವುದೋ ತನಗೆ ತಿಳಿಯದು ಎಂಬ ಅಂಜಿಕೆ ಮಾತ್ರ ನಕ್ಕು ಬಿಡತಕ್ಕದ್ದಲ್ಲ. ಈ ಹೊತ್ತಿನ ನಮ್ಮ ಮಾತಿಗೆ ಆ ಅಂಜಿಕೆಯೇ ಮೂಲ.

ನಾವು ಎಂದರೆ ಮೈಸೂರಿನ ನಾಲ್ವರು ಹವ್ಯಾಸಿಗಳು. ನಮ್ಮಲ್ಲಿ ಒಬ್ಬರು ಉಪಾಧ್ಯಾಯರು, ಒಬ್ಬರು ಬ್ಯಾಂಕಿನ ಕೆಲಸದಲ್ಲಿದ್ದವರು, ಒಬ್ಬರು ಔಷಧದ ಅಂಗಡಿಯವರು, ಇನ್ನೊಬ್ಬರು ಗೃಹಿಣಿ. ಕ್ಯಾಮರಾದಿಂದ ನಾವು ಒಂದು ಕಾಸನ್ನೂ ಸಂಪಾದಿಸಿದವರಲ್ಲ. ಅದಕ್ಕೆ ತೆತ್ತ ಹಣದ ಲೆಕ್ಕವನ್ನು ನಮ್ಮ ಮನೆಗಳಲ್ಲಿ ಚೆನ್ನಾಗಿ ಇಟ್ಟಿದ್ದಾರೆ. ಸುರುಳಿಯೊಂದಕ್ಕೆ ೧೨ ಪಟಗಳು ಬರುತ್ತಿದ್ದ ಪೆಟ್ಟಿಗೆ ಕ್ಯಾಮರಾದಿಂದ ತೊಡಗಿ, ೩೬ ಪಟಗಳ ಸುರುಳಿಯನ್ನು ದಾಟಿ, ಸುರುಳಿಯೇ ಇಲ್ಲದ ಇಂದಿನ ಯಂತ್ರದವರೆಗೆ ಬಂದಿದ್ದೇವೆ. ಮನುಷ್ಯರ ಭಾವಚಿತ್ರ, ಬೀದಿಯ ಚಿತ್ರ, ಪ್ರವಾಸದ ಚಿತ್ರ, ಈ ಮೂರು ಬಗೆಯಲ್ಲಿ ನಾವು ಕಂಡುಕೊಂಡ ಕೆಲವು ಸಂಗತಿಗಳನ್ನು ತಮ್ಮ ಮುಂದಿಡಬೇಕೆಂಬುದು ನಮ್ಮ ಅಪೇಕ್ಷೆ.

ಹವ್ಯಾಸಿ ಎಂಬ ಮಾತನ್ನು ಕೇಳಿದೊಡನೆ ಅರ್ಧ ಕಲಿತವನು ಎಂಬ ಅರ್ಥ ಹಲವರ ಮನಸ್ಸಿಗೆ ಬರುತ್ತದೆ. ಈ ಕಲೆಯ ಚರಿತ್ರೆ ಆ ಅರ್ಥವನ್ನು ಒಪ್ಪುವುದಿಲ್ಲ. ೧೮೩೯ರಲ್ಲಿ ಪ್ಯಾರಿಸಿನಲ್ಲಿ ಡಾಗೇರನ ವಿಧಾನ ಪ್ರಕಟವಾದಾಗ, ಬೆಳ್ಳಿಯ ಲೇಪವಿದ್ದ ತಗಡಿನ ಮೇಲೆ ಬಿಂಬ ಮೂಡಲು ಹಲವು ನಿಮಿಷಗಳು ಹಿಡಿಯುತ್ತಿದ್ದವು. ಅಷ್ಟು ಹೊತ್ತು ಅಲುಗದೆ ಕುಳಿತಿರಲೆಂದು ಪಟ ತೆಗೆಸಿಕೊಳ್ಳುವವರ ತಲೆಯ ಹಿಂದೆ ಕಬ್ಬಿಣದ ಹಿಡಿಯೊಂದನ್ನು ನಿಲ್ಲಿಸುವ ರೂಢಿ ಬಂತು. ಹಳೆಯ ಪಟಗಳಲ್ಲಿ ನಮ್ಮ ಮುತ್ತಜ್ಜಂದಿರೆಲ್ಲರೂ ಸಿಟ್ಟಾದವರಂತೆ ಕಾಣುವುದಕ್ಕೆ ಅವರ ಸ್ವಭಾವವೊಂದೇ ಕಾರಣವಲ್ಲ. ನಗೆಯನ್ನು ಅಷ್ಟು ಹೊತ್ತು ಹಿಡಿದಿಡುವುದು ಯಾರಿಂದಲೂ ಆಗದ ಕೆಲಸ. ೧೮೮೮ರಲ್ಲಿ ಈಸ್ಟ್‌ಮನ್ನನ ಕೋಡಕ್ ಕ್ಯಾಮರಾ ೧೦೦ ಪಟಗಳ ಸುರುಳಿಯನ್ನು ಒಳಗೇ ಇಟ್ಟುಕೊಂಡು ಮಾರುಕಟ್ಟೆಗೆ ಬಂತು. ಸುರುಳಿ ಮುಗಿದಾಗ ಕ್ಯಾಮರಾವನ್ನೇ ಕಾರ್ಖಾನೆಗೆ ಕಳುಹಿಸಿದರೆ ಸಾಕು. ಅಂದಿನಿಂದ ಈ ಕಲೆ ಮನೆಮನೆಗೂ ಬಂದಿತು. ಆದರೆ ಅದಕ್ಕೂ ಮುಂಚೆ, ಗಾಜಿನ ಫಲಕಗಳನ್ನೂ ರಾಸಾಯನಿಕಗಳನ್ನೂ ತಾವೇ ಬಳಸಿಕೊಂಡು ದೊಡ್ಡ ಕೆಲಸ ಮಾಡಿದವರಲ್ಲಿ ಹವ್ಯಾಸಿಗಳು ಹಲವರಿದ್ದರು.

ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ ಎಂಬಾಕೆ ಅಂಥವರಲ್ಲೊಬ್ಬಳು. ೧೮೧೫ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಈಕೆಗೆ ೪೮ನೆಯ ವಯಸ್ಸಿನಲ್ಲಿ ಮಗಳು ಒಂದು ಕ್ಯಾಮರಾವನ್ನು ಉಡುಗೊರೆಯಾಗಿ ಕೊಟ್ಟಳು. ಇಂಗ್ಲೆಂಡಿನ ವೈಟ್ ದ್ವೀಪದ ತನ್ನ ಮನೆಯಲ್ಲಿ ಈಕೆ ಇದ್ದಿಲ ಕೊಠಡಿಯನ್ನು ಕತ್ತಲೆ ಕೋಣೆಯಾಗಿಯೂ ಕೋಳಿಗಳ ಗೂಡನ್ನು ಗಾಜಿನ ಮನೆಯಾಗಿಯೂ ಮಾಡಿಕೊಂಡಳು. ಕವಿ ಟೆನಿಸನ್, ಖಗೋಳಜ್ಞ ಹರ್ಷಲ್, ವಿಜ್ಞಾನಿ ಡಾರ್ವಿನ್ ಮೊದಲಾದವರು ಈಕೆಯ ಮುಂದೆ ಕುಳಿತರು. ಹಾಗೆಯೇ ಮನೆಗೆಲಸದ ಹುಡುಗಿಯರೂ ಕುಳಿತರು, ಊರಿನ ಮಕ್ಕಳೂ ಕುಳಿತರು. ಬಿಂಬ ಸ್ಫುಟವಾಗಿಲ್ಲವೆಂದು ಅಂದಿನ ವಿಮರ್ಶಕರು ಹಾಸ್ಯಮಾಡಿದರು. ಇಂದು ಆ ಪಟಗಳನ್ನು ನೋಡಿದವರಿಗೆ, ಮುಖದ ಗೆರೆಗಳು ಕೊಂಚ ಮಸಕಾದರೂ ಎದುರಿಗಿದ್ದ ಮನುಷ್ಯನು ಮಸಕಾಗಿಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ. ಸರ್ ಜಾನ್ ಹರ್ಷಲನಿಗೂ ಮನೆಯ ಕೆಲಸದ ಹುಡುಗಿಗೂ ಈಕೆ ಸಲ್ಲಿಸಿದ ಬೆಳಕು ಒಂದೇ.

ಭಾವಚಿತ್ರಕ್ಕೆ ಬೇಕಾದ ಬೆಳಕು ನಮ್ಮ ನಾಡಿನ ಮನೆಗಳಲ್ಲಿ ಧರ್ಮಾರ್ಥವಾಗಿ ಸಿಗುತ್ತದೆ. ಹಳೆಯ ಮನೆಯ ಜಗಲಿ, ತೊಟ್ಟಿಯ ಅಂಚು, ಬಾಗಿಲ ಒಳಗಣ ಒಂದು ಗಜ ಜಾಗ, ಇವಕ್ಕಿಂತ ಉತ್ತಮವಾದ ಶಾಲೆಯನ್ನು ಹುಡುಕಬೇಕಾಗಿಲ್ಲ. ನೆತ್ತಿಯ ಮೇಲಣ ಬಿಸಿಲು ಕಣ್ಣಿನ ಕುಳಿಗಳನ್ನು ಕಪ್ಪು ಮಾಡುತ್ತದೆ. ಬಾಗಿಲಿನಿಂದ ಓರೆಯಾಗಿ ಬಂದ ಬೆಳಕು ಕೆನ್ನೆಯ ಒಂದು ಭಾಗವನ್ನು ತೋರಿಸಿ, ಇನ್ನೊಂದು ಭಾಗವನ್ನು ನೆರಳಿಗೆ ಬಿಟ್ಟು, ಕಣ್ಣಿನಲ್ಲಿ ಒಂದು ಹೊಳಪನ್ನು ಇಡುತ್ತದೆ. ಆ ಹೊಳಪಿಲ್ಲದ ಕಣ್ಣು ಜೀವವಿಲ್ಲದಂತೆ ಕಾಣುತ್ತದೆ. ಇನ್ನು ದೂರದ ವಿಚಾರ. ಒಂದು ಅಡಿಯ ದೂರದಿಂದ ತೆಗೆದರೆ, ಕಿವಿಗಿಂತ ಮೂಗು ಮಸೂರಕ್ಕೆ ಬಹು ಹತ್ತಿರವಿರುವುದರಿಂದ ಎಂಥ ಸುಂದರನ ಮೂಗೂ ದಪ್ಪನಾಗುತ್ತದೆ. ಐದಾರು ಅಡಿ ಹಿಂದೆ ಸರಿದು, ೮೫ರಿಂದ ೧೦೫ ಮಿಲಿಮೀಟರಿನ ಮಸೂರವನ್ನು ಹಾಕಿದರೆ ಮುಖದ ಅಳತೆ ಸರಿಯಾಗುತ್ತದೆ. ಕೈಯಲ್ಲಿ ಫೋನ್ ಹಿಡಿದು ಪಟ ತೆಗೆಯುವವರೂ ಈ ನಿಯಮವನ್ನು ನೆನೆದು ನಾಲ್ಕು ಹೆಜ್ಜೆ ಹಿಂದೆ ಹೋದರೆ, ಅವರ ಬಂಧುಗಳು ಅವರನ್ನು ಹೆಚ್ಚು ಪ್ರೀತಿಸಿಯಾರು.

ಇಷ್ಟು ಯಂತ್ರದ ಮಾತಾಯಿತು. ಮನುಷ್ಯನ ಮಾತು ಇದಕ್ಕಿಂತ ಕಠಿನವಾದುದು. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ದರ್ಜಿಯಿದ್ದ. ಸಂಜೆಯ ಬೆಳಕು ಅವನ ಅಂಗಡಿಯ ಬಾಗಿಲಿನಿಂದ ಒಳಗೆ ಬಂದು, ಕೊರಳಿನ ಅಳತೆಯ ಪಟ್ಟಿ, ಮೂಗಿನ ಮೇಲೆ ಜಾರಿದ ಕನ್ನಡಕ, ಸೂಜಿಗೆ ದಾರ ಪೋಣಿಸುವ ಎರಡು ಬೆರಳು, ಇವಿಷ್ಟನ್ನು ಮಾತ್ರ ಬೆಳಗುತ್ತಿತ್ತು. ಡಚ್ ಚಿತ್ರಗಾರರ ಪಟವೊಂದನ್ನು ನೋಡಿದಂತಾಗುತ್ತಿತ್ತು. ಪಟ ತೆಗೆಯಬಹುದೇ ಎಂದು ಕೇಳಿದೆವು. ಅವನು ಸೂಜಿಯನ್ನು ಕೆಳಗಿಟ್ಟು, “ಹೀಗೆ ಬೇಡಿ ಸ್ವಾಮಿ, ನಾಳೆ ಬನ್ನಿ” ಎಂದ. ಮರುದಿನ ಹೋದಾಗ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ, ಇಸ್ತ್ರಿಯ ಬಿಳಿಯ ಅಂಗಿ ತೊಟ್ಟಿದ್ದ, ಕನ್ನಡಕವನ್ನು ತೆಗೆದಿಟ್ಟಿದ್ದ. ಕುರ್ಚಿಯನ್ನು ಬೀದಿಗೆ ತಂದು ನೆಟ್ಟಗೆ ಕುಳಿತು, ಎರಡು ಕೈಗಳನ್ನೂ ಮೊಣಕಾಲ ಮೇಲಿಟ್ಟುಕೊಂಡು, ಕೈಗಡಿಯಾರ ಕಾಣುವಂತೆ ಎಡಗೈಯನ್ನು ಕೊಂಚ ಮುಂದಕ್ಕೆ ಚಾಚಿದ. ನಾವು ಆ ಪಟವನ್ನು ತೆಗೆದೆವು. ಆಮೇಲೆ ಅವನ ಒಪ್ಪಿಗೆಯಿಂದಲೇ ಸೂಜಿಯ ಪಟವನ್ನೂ ತೆಗೆದೆವು. ಎರಡನ್ನೂ ಅಚ್ಚು ಹಾಕಿಸಿ ಅವನ ಮುಂದಿಟ್ಟಾಗ ಅವನು ಸೂಜಿಯ ಪಟವನ್ನು ಬಹಳ ಹೊತ್ತು ನೋಡಿ, ಮರ್ಯಾದೆಯಿಂದ ನಮ್ಮ ಕೈಗೇ ಹಿಂದಿರುಗಿಸಿದ. “ಚೆನ್ನಾಗಿದೆ ಸ್ವಾಮಿ. ಆದರೆ ಅದು ನನ್ನ ಕೆಲಸದ ಪಟ. ಇದು ನನ್ನ ಪಟ” ಎಂದು ಬಿಳಿಯ ಅಂಗಿಯದನ್ನು ಇಟ್ಟುಕೊಂಡ.

ಸಹಜತೆಯೇ ಭಾವಚಿತ್ರದ ಪ್ರಾಣವೆಂದು ಈ ಕಲೆಯ ಪುಸ್ತಕಗಳು ಹೇಳುತ್ತವೆ. ಯಾರ ಸಹಜತೆ ಎಂಬುದನ್ನು ಅವು ಹೇಳುವುದಿಲ್ಲ. ದಿನವೆಲ್ಲ ಬೇರೆಯವರ ಅಂಗಿಗಳನ್ನು ಹೊಲಿಯುವ ಮನುಷ್ಯನು ಒಂದು ದಿನ ತನ್ನ ಅಂಗಿಯಲ್ಲಿ ಕಾಣಿಸಿಕೊಳ್ಳಬೇಕೆಂದರೆ ಅದರಲ್ಲಿ ಅಸಹಜವಾದುದೇನು? ಬಡವನನ್ನು ದುಡಿಮೆಯ ಭಂಗಿಯಲ್ಲಿಯೂ ಬಲ್ಲಿದನನ್ನು ವಿರಾಮದ ಭಂಗಿಯಲ್ಲಿಯೂ ನೋಡಲು ನಮ್ಮ ಕಣ್ಣಿಗೆ ರೂಢಿಯಾಗಿದೆ. ಅಂದಿನಿಂದ ನಾವು ಒಂದು ಪದ್ಧತಿಯನ್ನು ಇಟ್ಟುಕೊಂಡೆವು. ಯಾರ ಭಾವಚಿತ್ರವನ್ನೇ ತೆಗೆಯಲಿ, ಮೊದಲನೆಯ ಪಟ ಅವರು ಬಯಸಿದಂತೆ, ಎರಡನೆಯದು ನಾವು ಬಯಸಿದಂತೆ. ಮೊದಲನೆಯದು ಅವರಿಗೆ ಸೇರತಕ್ಕದ್ದು. ಈ ಪದ್ಧತಿಯಿಂದ ಎರಡನೆಯ ಪಟವೂ ಉತ್ತಮವಾಗುತ್ತದೆಂಬುದನ್ನು ಅನುಭವದಿಂದ ಹೇಳಬಲ್ಲೆವು. ತನ್ನ ಇಷ್ಟ ನಡೆಯಿತೆಂದು ತಿಳಿದ ಮುಖ ತಾನಾಗಿಯೇ ಸಡಿಲವಾಗುತ್ತದೆ.

ಮನೆಯ ಜಗಲಿಯಿಂದ ಬೀದಿಗೆ ಇಳಿದರೆ ಸ್ಥಿತಿಯೇ ಬೇರೆ. ಅಲ್ಲಿ ಒಪ್ಪಿಗೆ ಕೇಳುತ್ತ ನಿಂತರೆ ಕ್ಷಣ ಹಾರಿಹೋಗುತ್ತದೆ. ಕೇಳದೆ ತೆಗೆದರೆ ಕದ್ದಂತಾಗುತ್ತದೆ. ಬೀದಿಯ ಛಾಯಾಗ್ರಾಹಕನ ಜಾಣತನವೆಲ್ಲ ಈ ಇಕ್ಕಟ್ಟಿನಲ್ಲಿದೆ. ಮಸೂರದ ಕಂಡಿಯನ್ನು ಎಫ್ ೮ಕ್ಕೆ ಕಿರಿದುಮಾಡಿ, ದೂರವನ್ನು ಹತ್ತು ಅಡಿಗೆ ಮೊದಲೇ ಹೊಂದಿಸಿ, ಸೆಕೆಂಡಿನ ೧೨೫ನೆಯ ಒಂದು ಭಾಗದಷ್ಟು ಕಾಲವನ್ನು ಗೊತ್ತುಮಾಡಿಕೊಂಡರೆ, ಹಗಲಿನ ಬೀದಿಯಲ್ಲಿ ಕ್ಯಾಮರಾ ಸದಾ ಸಿದ್ಧವಾಗಿರುತ್ತದೆ. ಎತ್ತಿ ಹಿಡಿದರೆ ಸಾಕು. ಆದರೆ ಎತ್ತುವ ಮುನ್ನ ಯೋಚಿಸುವುದಕ್ಕೆ ಬೇಕಾದ ಕಾಲವನ್ನು ಯಾವ ಯಂತ್ರದಲ್ಲಿಯೂ ಗೊತ್ತುಮಾಡಿಕೊಟ್ಟಿಲ್ಲ.

ಮೈಸೂರಿನ ದೇವರಾಜ ಮಾರುಕಟ್ಟೆ ನಮ್ಮೆಲ್ಲರ ಪಾಠಶಾಲೆ. ಬೆಳಗ್ಗೆ ಎಂಟು ಗಂಟೆಗೆ ಅಲ್ಲಿ ಹೂವಿನ ರಾಶಿಗಳ ಮೇಲೆ ನೀರು ಚಿಮುಕಿಸುತ್ತಾರೆ. ಮಲ್ಲಿಗೆಯನ್ನು ಮೊಳ ಹಾಕಿ ಅಳೆಯುತ್ತಾರೆ. ಬಾಳೆಯ ಗೊನೆಗಳ ನಡುವೆ ಬಿಸಿಲಿನ ಕೋಲುಗಳು ಇಳಿಯುತ್ತವೆ. ತಟ್ಟೆಗಳಲ್ಲಿ ಗೋಪುರವಾಗಿ ಒಟ್ಟಿದ ಕುಂಕುಮ ಮತ್ತು ಬಣ್ಣದ ಪುಡಿಗಳ ಮುಂದೆ ಪ್ರವಾಸಿಗಳು ಸಾಲುಗಟ್ಟಿ ಪಟ ತೆಗೆಯುತ್ತಾರೆ. ಆ ಅಂಗಡಿಯವನೊಬ್ಬನು ಒಂದು ದಿನ ನಮಗೆ ಹೇಳಿದ: “ಈ ಕುಂಕುಮ ಲೋಕವೆಲ್ಲ ಸುತ್ತಿ ಬಂದಿದೆ ಸ್ವಾಮಿ. ಪಟದಿಂದ ಬೋಣಿ ಮಾತ್ರ ಆಗಲಿಲ್ಲ.” ಅವನು ಸಿಟ್ಟಿನಿಂದ ಹೇಳಿದ್ದಲ್ಲ, ನಗುತ್ತಲೇ ಹೇಳಿದ. ನಾವು ಒಂದು ಪೊಟ್ಟಣ ಕುಂಕುಮ ಕೊಂಡು, ಆಮೇಲೆ ಕ್ಯಾಮರಾ ತೆಗೆದೆವು. ಬೋಣಿಯಾಗದ ಅಂಗಡಿಯ ಮುಂದೆ ಕ್ಯಾಮರಾ ಹೊರಗೆ ತೆಗೆಯಬಾರದೆಂಬುದು ನಮ್ಮಲ್ಲಿ ಈಗ ಶಾಸನದಂತಾಗಿದೆ. ಇದರಿಂದ ನಮ್ಮ ಮನೆಗಳಿಗೆ ಅಗತ್ಯಕ್ಕಿಂತ ಹೆಚ್ಚು ಕರಿಬೇವೂ ನಿಂಬೆಹಣ್ಣೂ ಬಂದು ಬೀಳುತ್ತಿವೆಯೆಂಬ ದೂರು ಇದ್ದರೂ, ಮಾರುಕಟ್ಟೆಯಲ್ಲಿ ನಾವು ಪಟದವರಾಗಿ ಅಲ್ಲ, ಗಿರಾಕಿಗಳಾಗಿ ಪರಿಚಿತರು. ೨೦೧೬ರ ಆಗಸ್ಟಿನಲ್ಲಿ ಆ ಮಾರುಕಟ್ಟೆಯ ಉತ್ತರದ ಭಾಗ ಕುಸಿದುಬಿದ್ದಿತು. ಆ ಭಾಗದ ಕಮಾನಿನ ಕೆಳಗೆ ನಾವು ಸುಮ್ಮನೆ ತೆಗೆದಿದ್ದ ಪಟಗಳನ್ನು ನೋಡಲು ಅಂಗಡಿಯವರೇ ಕೇಳಿಕೊಂಡು ಬಂದರು. ಹವ್ಯಾಸಿಯ ಕೆಲಸಕ್ಕೆ ಎಂದು ಬೆಲೆ ಬರುವುದೆಂಬುದನ್ನು ಅವನೇ ಹೇಳಲಾರ.

ಬೀದಿಯ ಚಿತ್ರವೆಂದೊಡನೆ ಫ್ರಾನ್ಸಿನ ಕಾರ್ತಿಯೆ-ಬ್ರೆಸ್ಸೋನನ ಹೆಸರು ಹೇಳುವುದು ವಾಡಿಕೆ. ಅದು ಯುಕ್ತವೂ ಹೌದು. ನಮ್ಮ ಊರಿನವರೇ ಆದ ಟಿ. ಎಸ್. ಸತ್ಯನ್ ಅವರ ಹೆಸರನ್ನು ನಾವು ಅದರ ಪಕ್ಕದಲ್ಲಿಡುತ್ತೇವೆ. ೧೯೨೩ರಲ್ಲಿ ಮೈಸೂರಿನಲ್ಲಿ ಹುಟ್ಟಿ ೨೦೦೯ರವರೆಗೆ ಬಾಳಿದ ಅವರು ವೃತ್ತಿಯಿಂದ ಪತ್ರಿಕಾ ಛಾಯಾಗ್ರಾಹಕರು. ಆದರೆ ಅವರ ಮನಸ್ಸು ಹರಿದದ್ದು ಸಾಮಾನ್ಯ ಜನರ ಕಡೆಗೆ, ಅದರಲ್ಲಿಯೂ ಮಕ್ಕಳ ಕಡೆಗೆ. ೧೯೭೯ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಪಟಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಪ್ರದರ್ಶಿತವಾದುವು. ಇನ್ನು ಹವ್ಯಾಸಿಗಳಲ್ಲಿ ವಿವಿಯನ್ ಮೇಯರಳ ಕಥೆ ವಿಚಿತ್ರವಾದುದು. ಈಕೆ ಅಮೆರಿಕದ ಶಿಕಾಗೋ ನಗರದಲ್ಲಿ ಅನ್ಯರ ಮಕ್ಕಳನ್ನು ನೋಡಿಕೊಳ್ಳುವ ದಾದಿಯಾಗಿ ಬದುಕಿದವಳು. ಎದೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವ ರೋಲಿಫ್ಲೆಕ್ಸ್ ಕ್ಯಾಮರಾವನ್ನು ಕೊರಳಿಗೆ ಹಾಕಿಕೊಂಡು, ಬಿಡುವಿದ್ದಾಗಲೆಲ್ಲ ಬೀದಿಗಳಲ್ಲಿ ಅಲೆದಳು. ಅಂಥ ಕ್ಯಾಮರಾ ಹಿಡಿದವಳು ತಲೆತಗ್ಗಿಸಿ ನಿಂತಿರುವುದರಿಂದ, ತನ್ನನ್ನು ನೋಡುತ್ತಿದ್ದಾಳೆಂದು ಎದುರಿನವನಿಗೆ ಅನಿಸುವುದು ಕಡಮೆ. ೨೦೦೭ರಲ್ಲಿ, ಬಾಡಿಗೆ ಸಂದಾಯವಾಗದ ಕಾರಣ ಆಕೆಯ ಪೆಟ್ಟಿಗೆಗಳು ಹರಾಜಾದಾಗ ಆ ರಾಶಿ ಲೋಕಕ್ಕೆ ತಿಳಿಯುವ ದಾರಿ ತೆರೆಯಿತು. ಒಟ್ಟು ಒಂದು ಲಕ್ಷಕ್ಕೂ ಮಿಕ್ಕಿದ ನೆಗೆಟಿವ್‌ಗಳು. ೨೦೦೯ರಲ್ಲಿ ಆಕೆ ತೀರಿಕೊಂಡಳು. ಆಕೆಯ ಕೀರ್ತಿ ಅದಾದ ಮೇಲೆ ಹುಟ್ಟಿದ್ದು.

ಆ ಪಟಗಳನ್ನು ನೋಡಿದಾಗ ನಮಗೆ ಮೆಚ್ಚಿಕೆಯಾಗುತ್ತದೆ, ಜೊತೆಗೆ ಒಂದು ವ್ಯಸನವೂ ಆಗುತ್ತದೆ. ಲಕ್ಷ ಪಟಗಳು, ಅವುಗಳಲ್ಲಿ ಇರುವವರ ಕೈಗೆ ಸೇರಿದವು ಎಷ್ಟು? ಬೀದಿಯಲ್ಲಿ ಹೋಗುವವನ ಮುಖ ಯಾರದು ಎಂಬ ಪ್ರಶ್ನೆ ಇಂದು ನ್ಯಾಯಾಲಯಗಳ ಮುಂದೆಯೂ ಬಂದಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ತಂದ ಮೊಕದ್ದಮೆಯಲ್ಲಿ, ೨೦೧೭ರ ಆಗಸ್ಟ್ ೨೪ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತರು. ಸಾರ್ವಜನಿಕ ಸ್ಥಳದಲ್ಲಿ ಇದ್ದ ಮಾತ್ರಕ್ಕೆ ಮನುಷ್ಯನು ಆ ಹಕ್ಕನ್ನು ಬಿಟ್ಟುಕೊಟ್ಟಂತಾಗುವುದಿಲ್ಲವೆಂಬ ಅಭಿಪ್ರಾಯವೂ ಅದರಲ್ಲಿದೆ. ಆ ಮೊಕದ್ದಮೆ ಕ್ಯಾಮರಾವನ್ನು ಕುರಿತದ್ದಲ್ಲ, ನಿಜ. ಆದರೂ ಕ್ಯಾಮರಾ ಹಿಡಿದವನು ಅದನ್ನು ತನಗೆ ಸಂಬಂಧವಿಲ್ಲದ ಮಾತೆಂದು ತಿಳಿಯಲಾಗದು. ನಮ್ಮ ಮಟ್ಟಿಗೆ ನಾವು ಮಾಡಿಕೊಂಡ ನಿಯಮಗಳು ಇವು: ಮಲಗಿರುವವರನ್ನು ತೆಗೆಯುವುದಿಲ್ಲ, ಅಳುತ್ತಿರುವವರನ್ನು ತೆಗೆಯುವುದಿಲ್ಲ, ಸೆರಗನ್ನು ಮುಖಕ್ಕೆ ಎಳೆದುಕೊಂಡವರ ಮುಂದೆ ಕ್ಯಾಮರಾ ಇಳಿಸುತ್ತೇವೆ, ಕೇಳದೆ ತೆಗೆದ ಪಟವನ್ನು ಆಮೇಲೆ ತೋರಿಸುತ್ತೇವೆ, ಬೇಡವೆಂದರೆ ಅಳಿಸುತ್ತೇವೆ. ಇವುಗಳಿಂದ ಹಲವು ಒಳ್ಳೆಯ ಪಟಗಳು ನಮಗೆ ತಪ್ಪಿಹೋಗಿವೆ. ಅವು ತಪ್ಪಿದುದಕ್ಕಾಗಿ ಲೋಕಕ್ಕೆ ಕೊರತೆಯೇನೂ ಆದಂತೆ ಕಾಣುವುದಿಲ್ಲ.

ಹೆಸರನ್ನು ಕೇಳುವುದೂ ಈ ನಿಯಮಗಳಲ್ಲಿ ಸೇರಿದೆ. ಇದಕ್ಕೆ ಒಂದು ಪ್ರಸಿದ್ಧವಾದ ಉದಾಹರಣೆಯುಂಟು. ೧೯೩೬ರಲ್ಲಿ ಅಮೆರಿಕದ ಸರ್ಕಾರದ ಕೆಲಸದಲ್ಲಿದ್ದ ಡೊರೊಥಿಯಾ ಲ್ಯಾಂಗ್ ಎಂಬಾಕೆ ಕ್ಯಾಲಿಫೋರ್ನಿಯದ ನಿಪೋಮೊ ಎಂಬಲ್ಲಿ, ಬಟಾಣಿ ಕೊಯ್ಲಿಗೆ ಬಂದು ಕೆಲಸವಿಲ್ಲದೆ ಕುಳಿತಿದ್ದ ಕೂಲಿಗಳ ಬಿಡಾರದಲ್ಲಿ, ಮಕ್ಕಳನ್ನು ಮಡಿಲಿಗೆ ಎಳೆದುಕೊಂಡು ಗಲ್ಲಕ್ಕೆ ಕೈಯಿಟ್ಟ ತಾಯಿಯೊಬ್ಬಳ ಪಟ ತೆಗೆದಳು. ಆ ಪಟವನ್ನು ನೋಡದ ವಿದ್ಯಾವಂತರು ಕಡಮೆ. ಅದರಿಂದ ಬಡವರ ಕಷ್ಟ ದೇಶಕ್ಕೆ ತಿಳಿಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ತಾಯಿಯ ಹೆಸರನ್ನು ತಾನು ಕೇಳಲಿಲ್ಲವೆಂದು ಲ್ಯಾಂಗಳೇ ೧೯೬೦ರಲ್ಲಿ ಬರೆದಳು. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಹೆಸರು ಹೊರಬಿದ್ದದ್ದು ೧೯೭೮ರಲ್ಲಿ. ಪಟದಿಂದ ತನಗೆ ಒಂದು ಕಾಸೂ ಬರಲಿಲ್ಲವೆಂಬ ನೋವು ಆಕೆಗಿತ್ತು. ೧೯೮೩ರಲ್ಲಿ ಆಕೆ ಕಾಯಿಲೆ ಬಿದ್ದಾಗ ಮಕ್ಕಳು ಜನರ ಮೊರೆಹೊಕ್ಕರು; ೩೦,೦೦೦ ಡಾಲರಿಗೂ ಹೆಚ್ಚು ಹಣ ಬಂದು ಸೇರಿತು. ಜನ ಆ ಮುಖವನ್ನು ಮರೆತಿರಲಿಲ್ಲವೆಂಬುದು ಸಮಾಧಾನದ ಮಾತು. ೪೨ ವರ್ಷ ಆ ಮುಖಕ್ಕೆ ಹೆಸರಿರಲಿಲ್ಲವೆಂಬುದು ಅದರ ಪಕ್ಕದಲ್ಲಿಯೇ ಇದೆ.

ಇನ್ನು ಪ್ರವಾಸದ ಚಿತ್ರ. ನಮ್ಮ ನಾಡಿನ ದೇವಾಲಯಗಳನ್ನು ಮೊಟ್ಟಮೊದಲು ಕ್ಯಾಮರಾದಿಂದ ಕಂಡವರಲ್ಲಿ ಹವ್ಯಾಸಿಗಳಿದ್ದರು. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಲಿನಿಯಸ್ ಟ್ರೈಪ್ ೧೮೫೪ರಲ್ಲಿ ಹಳೇಬೀಡು ಬೇಲೂರುಗಳ ಪಟ ತೆಗೆದ. ಮತ್ತೊಬ್ಬ ಅಧಿಕಾರಿ ಗ್ರೀನ್‌ಲಾ ೧೮೫೬ರಲ್ಲಿ ಹಂಪೆಯ ಪಟಗಳನ್ನು ತೆಗೆದ. ಮೇಣ ಹಚ್ಚಿದ ದೊಡ್ಡ ಕಾಗದದ ಮೇಲೆ ಅವನು ಬಿಂಬವನ್ನು ಹಿಡಿದ. ೧೯೮೩ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕನು ಗ್ರೀನ್‌ಲಾ ನಿಂತಿದ್ದ ಜಾಗಗಳನ್ನು ಹುಡುಕಿ, ಅಲ್ಲಿಯೇ ನಿಂತು ಅದೇ ನೋಟಗಳನ್ನು ಮತ್ತೆ ತೆಗೆದ. ಎರಡನ್ನೂ ಒತ್ತಿನಲ್ಲಿಟ್ಟು ನೋಡಿದರೆ ೧೨೭ ವರ್ಷಗಳಲ್ಲಿ ಯಾವ ಕಲ್ಲು ಎಲ್ಲಿದೆಯೆಂಬುದನ್ನು ಓದಬಹುದು. ಕಾಗದದ ಆ ವಿಧಾನದಲ್ಲಿ ಬಿಂಬ ಮೂಡಲು ನಿಮಿಷಗಟ್ಟಲೆ ಬೇಕಾಗಿತ್ತು. ಕಲ್ಲು ನಿಲ್ಲುತ್ತದೆ, ಆದುದರಿಂದ ಕಲ್ಲು ಮೂಡಿತು. ದಾರಿಯಲ್ಲಿ ನಡೆದುಹೋದ ಮನುಷ್ಯನು ಅಂಥ ಪಟದಲ್ಲಿ ಉಳಿಯುವುದಿಲ್ಲ.

ಹೊಯ್ಸಳ ಶಿಲ್ಪವನ್ನು ತೆಗೆಯಹೋಗುವವರಿಗೆ ಒಂದು ಸೂಚನೆ. ಬಳಪದ ಕಲ್ಲಿನ ಆ ಕುಸುರಿಯು ಗೋಡೆಯನ್ನು ಸವರಿಕೊಂಡು ಬರುವ ಓರೆ ಬಿಸಿಲಿನಲ್ಲಿ ಎದ್ದು ಕಾಣುತ್ತದೆ, ನೇರ ಬಿಸಿಲಿನಲ್ಲಿ ಚಪ್ಪಟೆಯಾಗುತ್ತದೆ. ಉತ್ತರದ ಗೋಡೆಯಂತೂ ಬಲು ಬಿಗುಮಾನದ್ದು. ಮಾರ್ಚ್ ೨೧ರಿಂದ ಸೆಪ್ಟೆಂಬರ್ ೨೩ರವರೆಗೆ ಮಾತ್ರ ಸೂರ್ಯನು ಪೂರ್ವದಿಂದ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಆ ದಿನಗಳ ಬೆಳಗ್ಗೆ ಸಂಜೆಗಳಲ್ಲಿಯೇ ಆ ಗೋಡೆಗೆ ಓರೆ ಬಿಸಿಲು ತಾಗಬೇಕು. ಜೂನಿನಿಂದ ಆಚೆಗೆ ಮಳೆಯ ಮೋಡ. ಹಾಗಾಗಿ ಏಪ್ರಿಲ್ ಮೇ ತಿಂಗಳುಗಳೇ ಅದಕ್ಕೆ ಕಾಲ. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿಗೆ ಹೋಗುವವರು ಕಾಲವನ್ನು ನೋಡಿ ಹೋದರೆ, ಶಿಲ್ಪಿಯ ಶ್ರಮಕ್ಕೆ ನ್ಯಾಯ ದೊರೆತೀತು.

ಪ್ರವಾಸದಲ್ಲಿ ಕಲ್ಲನ್ನಲ್ಲದೆ ಜನರನ್ನೂ ತೆಗೆಯುತ್ತೇವೆ. ಅಲ್ಲಿ ನಾವು ಅನ್ಯರು. ಈ ಹೊತ್ತು ಬಂದು ನಾಳೆ ಹೋಗತಕ್ಕವರು. “ಪಟ ಕಳಿಸ್ತೀರೇನ್ರಿ?” ಎಂದು ಯಾರಾದರೂ ಕೇಳದಿದ್ದ ಪ್ರವಾಸ ನಮ್ಮ ನೆನಪಿನಲ್ಲಿ ಇಲ್ಲ. ಅದಕ್ಕಾಗಿ ಗೆರೆ ಹಾಕಿದ ಒಂದು ಪುಸ್ತಕವನ್ನು ಇಟ್ಟಿದ್ದೇವೆ. ಸುರುಳಿಯ ಸಂಖ್ಯೆ, ಪಟದ ಸಂಖ್ಯೆ, ಹೆಸರು, ವಿಳಾಸ. ಹಂಪೆಯ ದಾರಿಯಲ್ಲಿ, ಹೊಸಪೇಟೆಗೆ ಈಚೆ, ಕೊಯ್ಲಾದ ಹೊಲವೊಂದರಲ್ಲಿ ಕುರಿಗಳನ್ನು ತಂಗಿಸಿದ್ದ ಕುರುಬರ ಕುಟುಂಬವೊಂದನ್ನು ಕಂಡೆವು. ಕುರಿಯ ಗೊಬ್ಬರಕ್ಕಾಗಿ ಹೊಲದವರು ಅವರನ್ನು ಕರೆದು ನಿಲ್ಲಿಸಿಕೊಂಡು ಕಾಳು ಕೊಡುತ್ತಾರೆ. ಧೂಳಿನಲ್ಲಿ ಸೂರ್ಯ ಇಳಿಯುತ್ತಿದ್ದ. ಕಂಬಳಿ ಹೊದ್ದ ಕುರಿಗಾಹಿ ಮರಿಯೊಂದನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ. ಒಪ್ಪಿಗೆ ಪಡೆದು ತೆಗೆದೆವು. ವಿಳಾಸ ಕೇಳಿದರೆ ನಕ್ಕ. ವರ್ಷದಲ್ಲಿ ಎಂಟು ತಿಂಗಳು ಅಲೆಯುವವರಿಗೆ ವಿಳಾಸವೆಂದರೇನು? ಕೊನೆಗೆ ತನ್ನ ಊರಿನ ಚಹದ ಅಂಗಡಿಯೊಂದರ ಹೆಸರು ಬರೆಸಿದ. ಅಲ್ಲಿಗೆ ಪಟವನ್ನು ಅಂಚೆಯಲ್ಲಿ ಕಳುಹಿಸಿದೆವು. ಅದೇ ಪಟ ನಮ್ಮ ಊರಿನ ಪ್ರದರ್ಶನವೊಂದರಲ್ಲಿ ಮೆಚ್ಚಿಕೆಯನ್ನೂ ಪಡೆಯಿತು.

ವರ್ಷ ಕಳೆದ ಮೇಲೆ ಒಂದು ಕಾರ್ಡು ಬಂತು. ಶಾಲೆಗೆ ಹೋಗುವ ಹುಡುಗನ ಅಕ್ಷರ. “ಪಟ ತಲಪಿತು. ಮೂಲೆಯಲ್ಲಿ ರೊಟ್ಟಿ ಬಡಿಯುತ್ತಿರುವವಳು ನಮ್ಮ ಅಜ್ಜಿ. ಅವಳು ಸುಗ್ಗಿಯಲ್ಲಿ ತೀರಿಕೊಂಡಳು. ಅವಳ ಬೇರೆ ಪಟ ಇಲ್ಲ. ಅವಳೊಬ್ಬಳನ್ನೇ ದೊಡ್ಡದು ಮಾಡಿ ಕಳಿಸಿರಿ. ಎಷ್ಟು ಹಣವಾಗುವುದು ತಿಳಿಸಿರಿ.”

ನಾವು ನೆಗೆಟಿವನ್ನು ಹೊರಗೆ ತೆಗೆದು ಭೂತಗನ್ನಡಿಯಲ್ಲಿ ನೋಡಿದೆವು. ಕುರಿಗಾಹಿಯ ಹಿಂದೆ, ಬಲಗಡೆಯ ಅಂಚಿನಲ್ಲಿ, ಒಲೆಯ ಮುಂದೆ ಒಬ್ಬ ಮುದುಕಿ. ಇಡೀ ನೆಗೆಟಿವಿನ ಅಗಲ ೩೬ ಮಿಲಿಮೀಟರು. ಅದರಲ್ಲಿ ಆಕೆಯ ಪಾಲು ನಾಲ್ಕು ಮಿಲಿಮೀಟರಿಗೂ ಮೀರದು. ಪಟವನ್ನು ಮೆಚ್ಚಿದವರಲ್ಲಿ ಒಬ್ಬರೂ ಆಕೆಯ ಮಾತೆತ್ತಿರಲಿಲ್ಲ. ಕತ್ತಲೆ ಕೋಣೆಯಲ್ಲಿ ದೀಪವನ್ನು ಎಷ್ಟು ಮೇಲಕ್ಕೆ ಎತ್ತಬಹುದೋ ಅಷ್ಟೂ ಎತ್ತಿ ಆ ಮೂಲೆಯೊಂದನ್ನೇ ಹಿಗ್ಗಿಸಿದೆವು. ಬೆಳ್ಳಿಯ ಕಣಗಳು ಮರಳಿನಂತೆ ಒಡೆದು ಕಂಡವು. ತಲೆಯ ಮೇಲಿನ ಸೆರಗು, ಕಣ್ಣಿದ್ದೆಡೆ ಎರಡು ನೆರಳು, ರೊಟ್ಟಿ ಬಡಿಯುತ್ತಿದ್ದ ಕೈ ಬರಿಯ ಬಿಳಿಯ ಗೀರು. ಯಾವ ಸ್ಪರ್ಧೆಗೂ ಕಳುಹಿಸತಕ್ಕ ಪಟವಲ್ಲ. ಹತ್ತು ಅಂಗುಲದ ಕಾಗದದ ಮೇಲೆ ಅದನ್ನು ಮೂಡಿಸಿ, ಹಣ ಬೇಡವೆಂದು ಬರೆದು ಕಳುಹಿಸಿದೆವು. ಇನ್ನೊಂದು ಕಾರ್ಡು ಬಂತು: “ಮುಖ ಸರಿಯಾಗಿ ಕಾಣುವುದಿಲ್ಲ. ಆದರೆ ಕುಳಿತ ರೀತಿ ಅಜ್ಜಿಯದೇ ಎಂದು ಅಪ್ಪ ಹೇಳಿ ಗೋಡೆಗೆ ಹಾಕಿದ್ದಾನೆ.”

ಒಂದು ಪಟದಲ್ಲಿ ಏನಿದೆಯೆಂಬುದನ್ನು ತೆಗೆದವನು ಒಬ್ಬನೇ ನಿರ್ಣಯಿಸಲಾರನು. ನಾವು ಬೆಳಕನ್ನೂ ಧೂಳನ್ನೂ ಹೆಗಲ ಮೇಲಿನ ಮರಿಯನ್ನೂ ಕಂಡೆವು. ಅವರು ಅಜ್ಜಿಯನ್ನು ಕಂಡರು. ಪಟ ನಮ್ಮ ಕಪಾಟಿನಲ್ಲಿಯೇ ಉಳಿದಿದ್ದರೆ ಅದರಲ್ಲಿ ಆಕೆ ಇದ್ದೂ ಇಲ್ಲದವಳಾಗುತ್ತಿದ್ದಳು. ಪಟವನ್ನು ಕೊಡಬೇಕೆಂದು ನಾವು ಹೇಳುವುದು ಉಪಕಾರಬುದ್ಧಿಯಿಂದಲ್ಲ. ಕೊಟ್ಟಾಗಲೇ ಅದರಲ್ಲಿ ಏನಿದೆಯೆಂಬುದು ಪೂರ್ತಿಯಾಗಿ ತಿಳಿಯುತ್ತದೆ. ವೃತ್ತಿಯವರಿಗೆ ಗಿರಾಕಿಯ ಗಡುವು, ಪತ್ರಿಕೆಯ ಗಡುವು ಇವೆ. ಎಲ್ಲರಿಗೂ ಎಲ್ಲ ಪಟಗಳನ್ನೂ ಹಂಚುವುದು ಅವರಿಂದಾಗದ ಮಾತು. ಯಾರ ಆಳೂ ಅಲ್ಲದ ಹವ್ಯಾಸಿಗೆ ಅಂಥ ಅಡ್ಡಿಯಿಲ್ಲ.

ಈ ಮಾತನ್ನು ಕೇಳುತ್ತಿರುವ ತಮ್ಮಲ್ಲಿ ಹಲವರ ಜೇಬಿನಲ್ಲಿ, ಕೈಚೀಲದಲ್ಲಿ, ಕ್ಯಾಮರಾ ಇದ್ದೇ ಇದೆ. ಅದರಲ್ಲಿ ಸಾವಿರಾರು ಪಟಗಳೂ ಇರುತ್ತವೆ. ತೆಗೆದ ಗಳಿಗೆಯಲ್ಲಿಯೇ ವಾಟ್ಸಾಪಿನಲ್ಲಿ ಕಳುಹಿಸುವ ಅನುಕೂಲ ಈಗ ಒದಗಿದೆ. ಚಹದ ಅಂಗಡಿಯ ವಿಳಾಸಕ್ಕೆ ಅಂಚೆ ಹಾಕಿ ಕಾಯಬೇಕಾಗಿಲ್ಲ. ಇದು ಸಂತೋಷದ ವಿಷಯ. ಆದರೆ ಫೋನು ಕೆಟ್ಟಾಗ, ಕಳೆದಾಗ, ಬದಲಾದಾಗ ಹೀಗೆ ಬಂದ ಪಟಗಳು ಸದ್ದಿಲ್ಲದೆ ಹೋಗಿಬಿಡುತ್ತವೆ. ಕಾಗದದ ಮೇಲಿನ ಪಟ ಗೋಡೆಯ ಮೇಲೆ ಇರುತ್ತದೆ, ಹಬ್ಬಕ್ಕೆ ಧೂಳು ಒರೆಸಿಕೊಳ್ಳುತ್ತದೆ. ಆದಕಾರಣ ವರ್ಷಕ್ಕೊಮ್ಮೆ ಹತ್ತು ಪಟಗಳನ್ನಾದರೂ ಕಾಗದದ ಮೇಲೆ ಅಚ್ಚು ಹಾಕಿಸಿರಿ. ಹಿಂಭಾಗದಲ್ಲಿ ಹೆಸರು, ಊರು, ದಿನಾಂಕಗಳನ್ನು ಪೆನ್ಸಿಲಿನಿಂದ ಬರೆಯಿರಿ. ಮಸಿಯು ಕೆಲವು ಕಾಗದಗಳ ಮೇಲೆ ಹರಡಿ ಮುಂಭಾಗಕ್ಕೆ ಇಳಿಯುವುದುಂಟು. ಮನೆಯ ಹಿರಿಯರದು, ಅಡಿಗೆಗೆ ಬರುವವರದು, ದಿನವೂ ಹಾಲು ಹಾಕುವವರದು, ಹೀಗೆ ತಾವು ನಿತ್ಯ ಕಂಡೂ ಪಟ ತೆಗೆಯದವರ ಪಟಗಳನ್ನು ಅವರು ಬಯಸುವ ಉಡುಪಿನಲ್ಲಿ, ಬಾಗಿಲ ಬಳಿಯ ಬೆಳಕಿನಲ್ಲಿ ಒಮ್ಮೆ ತೆಗೆಯಿರಿ. ಒಂದು ಪ್ರತಿಯನ್ನು ತಾವು ಇಟ್ಟುಕೊಳ್ಳಿರಿ, ಇನ್ನೊಂದನ್ನು ಅವರ ಕೈಗೆ ಕೊಡಿರಿ. ಮುಂದಿನ ಭಾನುವಾರ ಬಿಸಿಲು ಚೆನ್ನಾಗಿದ್ದರೆ, ಬೆಳಗ್ಗೆ ಒಂಬತ್ತಕ್ಕೆ ಮುಂಚೆ ಈ ಕೆಲಸಕ್ಕೆ ತೊಡಗಬಹುದು.